ಉಪ್ಪಿನ ಕೂಗು

ಮೊನ್ನೆ ನಂಜನಗೂಡಿನ ಸ್ಟೇಷನ್ನಿನಲ್ಲಿ ಸೀಬೆಹಣ್ಣು ಕೊಂಡೆ. ಮಾರುವ ಹೆಂಗಸು ಹಣ್ಣಿನ ಜೊತೆಗೆ ಒಂದಿಷ್ಟು ಉಪ್ಪನ್ನು ಮುತ್ತುಗದ ಎಲೆಯಲ್ಲಿ ಮಡಿಸಿ, ಬಾಳೆಯ ನಾರಿನಿಂದ ಎರಡು ಸುತ್ತು ಸುತ್ತಿ, ಗಂಟು ಹಾಕಿ ಕೈಗಿಟ್ಟಳು. ಹಣ್ಣು ಜೇಬಿಗೆ ಹೋಯಿತು. ಪೊಟ್ಟಣ ಮಾತ್ರ ಅಂಗೈಯಲ್ಲೇ ಉಳಿಯಿತು. ಮೈಸೂರಿನ ರೈಲು ಬಂದು ನಿಂತರೂ ನಾನು ಅದನ್ನೇ ನೋಡುತ್ತ ಬಾಗಿಲಿಗೆ ಅಡ್ಡ ನಿಂತಿದ್ದೆ. ಹಿಂದಿನಿಂದ ಒಬ್ಬ ಗೌಡರು, "ಓಗೋದಾದ್ರೆ ಓಗಿ ಬುದ್ದಿ, ಇಲ್ದಿದ್ರೆ ದಾರಿನಾದ್ರೂ ಬಿಡಿ" ಅಂದಮೇಲೆ ಹತ್ತಿದೆ.

ಬೇರೆ ದಿನವಾಗಿದ್ದರೆ ಕಡಕೊಳ ಬರುವಷ್ಟರಲ್ಲಿ ಆ ಗೌಡರ ದನಿ ನನ್ನ ಗಂಟಲಿಗೆ ಇಳಿದಿರುತ್ತಿತ್ತು. ನನ್ನ ಹುಟ್ಟುಗುಣವೇ ಅದು. ಮೈಸೂರಿನ ಒಂದು ಕಚೇರಿಯಲ್ಲಿ ನಕಲು ಗುಮಾಸ್ತನಾಗಿದ್ದೇನೆ. ಹಗಲು ಕಾಗದದ ನಕಲು, ಸಂಜೆ ಮನುಷ್ಯರ ನಕಲು. ನಮ್ಮ ಹೆಡ್ ಗುಮಾಸ್ತರು ಸೀನುವುದು, ಹೆಣ್ಣು ಕೊಟ್ಟ ಮಾವನವರು ಅಳಿಯನನ್ನು ಹೊಗಳುವಾಗ ಹಲ್ಲು ಕಚ್ಚಿಕೊಳ್ಳುವುದು, ನಾನೇ ಸಾಹೇಬರ ಎದುರು ನಿಂತು ಇಲಿಯ ಹಾಗೆ 'ಆಗಲಿ ಸಾರ್' ಅನ್ನುವುದು, ಎಲ್ಲವೂ ಬರುತ್ತದೆ. ಇಷ್ಟೆಲ್ಲ ಬರುವ ನಾನು ಒಂದೇ ಒಂದು ದನಿಯನ್ನು ಹಲವು ವರ್ಷಗಳಿಂದ ಒಬ್ಬರ ಮುಂದೆ ಬಿಟ್ಟು ಇನ್ನು ಯಾರ ಮುಂದೆಯೂ ಮಾಡಿಲ್ಲ. ಅದರ ಕತೆ ಈ ಪೊಟ್ಟಣದಲ್ಲಿದೆ.

ನಂಜನಗೂಡಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಊರಿಗೆಲ್ಲ ಅವರು ಅಡುಗೆ ಭಟ್ಟರು, ನನಗೆ ಮಾವ. ರಕ್ತಸಂಬಂಧವೇನೂ ಇರಲಿಲ್ಲ, ಅವರ ಹೆಂಡತಿಯನ್ನು ನಮ್ಮಪ್ಪ 'ತಂಗೀ' ಅನ್ನುತ್ತಿದ್ದರು, ಅಲ್ಲಿಗೆ ಆಕೆ ಅತ್ತೆ, ಅವರು ಮಾವ. ಮಕ್ಕಳಿರಲಿಲ್ಲ. ಮದುವೆ, ಮುಂಜಿ, ತಿಥಿ, ಯಾವುದಿದ್ದರೂ ನಮ್ಮ ಬೀದಿಯ ಒಲೆ ಹೊತ್ತಿಸುವವರು ಅವರೇ. ಐನೂರು ಎಲೆಯ ಊಟವನ್ನು ಒಂದು ಚೀಟಿಯಿಲ್ಲದೆ, ಒಂದು ಅಳತೆಯ ಪಾತ್ರೆಯಿಲ್ಲದೆ ತಲೆಯಲ್ಲೇ ಇಟ್ಟುಕೊಂಡು ಮಾಡುವ ಮನುಷ್ಯ.

ನಮ್ಮಲ್ಲಿ ದೇವರಿಗೆ ನೈವೇದ್ಯವಾಗುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಾಕುವ ಹಾಗಿಲ್ಲ. ಅಡುಗೆ ಮಾಡುವವರೂ ಹಾಕುವಂತಿಲ್ಲ. ಹುಳಿ ಹದವಾಯಿತೇ, ಸಾರಿಗೆ ಖಾರ ಹೆಚ್ಚಾಯಿತೇ ಎನ್ನುವುದನ್ನೆಲ್ಲ ಮೂಗು ಹೇಳಬೇಕು, ಕುದಿಯುವ ಸದ್ದು ಹೇಳಬೇಕು. ಉಪ್ಪಿಗೆ ಮಾತ್ರ ವಾಸನೆಯೂ ಇಲ್ಲ, ಸದ್ದೂ ಇಲ್ಲ. ನಾಲ್ಕು ಜನ ಓಡಾಡುವ ಅಡುಗೆಮನೆಯಲ್ಲಿ ಒಬ್ಬರು ಹಾಕಿದ್ದನ್ನು ನೋಡದೆ ಇನ್ನೊಬ್ಬರು ಹಾಕಿದರೆ ಮುಗಿಯಿತು. ಅದಕ್ಕೆ ಮಾವ ಒಂದು ಕ್ರಮ ಮಾಡಿಕೊಂಡಿದ್ದರು. ಉಪ್ಪು ಹಾಕುವುದು ಅವರೊಬ್ಬರೇ. ಹಾಕಿದ ಕೂಡಲೇ ತಲೆಯೆತ್ತಿ, "ಹುಳಿಗೆ ಉಪ್ಪು ಬಿತ್ತೋ…" ಎಂದು ರಾಗವಾಗಿ ಕೂಗುತ್ತಿದ್ದರು. ಕಾಯಿ ತುರಿಯುವವರು, ರುಬ್ಬುವವರು, ಎಲ್ಲರೂ ಇದ್ದಲ್ಲಿಂದಲೇ "ಬಿತ್ತು" ಎನ್ನಬೇಕು. ಆಮೇಲೆ ಆ ಪಾತ್ರೆಗೆ ತಟ್ಟೆ ಮುಚ್ಚಿದರೆ ನೈವೇದ್ಯದ ತನಕ ಯಾರೂ ತೆಗೆಯುವಂತಿಲ್ಲ. ಆ ಕೂಗು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು. ಕೇಳಿದವರು, ಇನ್ನು ಅರ್ಧ ಗಂಟೆಗೆ ಎಲೆ ಹಾಕುತ್ತಾರೆ ಎಂದು ಕಾಲು ತೊಳೆಯಲು ಏಳುತ್ತಿದ್ದರು.

ನಾನು ಮೊದಲು ಕಲಿತ ಮನುಷ್ಯರ ದನಿ ಅದು. ಅದಕ್ಕೂ ಮುಂಚೆ ಬರುತ್ತಿದ್ದದ್ದು ನಮ್ಮ ಮನೆ ಎಮ್ಮೆಯದೊಂದೇ.

ಮಾವ ಕುಡಿಯುತ್ತಿದ್ದರು. ಇಡೀ ಬೀದಿಗೇ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ವಿಷಯ. ವಯಸ್ಸಿನಲ್ಲಿ ಮೈಸೂರಿಗೆ ದೊಡ್ಡ ದೊಡ್ಡ ಅಡುಗೆಗಳಿಗೆ ಹೋಗುತ್ತಿದ್ದಾಗ, ಹಗಲೆಲ್ಲ ಒಲೆಯ ಮುಂದೆ ಬೆಂದ ಮೈನೋವಿಗೆ ಎಂದು ಯಾರೋ ಬ್ರಾಂದಿ ಕೊಟ್ಟರಂತೆ. ಆಮೇಲೆ ಊರಿನಲ್ಲೇ ಸಿಗುವ ಸಾರಾಯಿ. ತಾಮ್ರದ ಗಿಂಡಿಯೊಂದನ್ನು ಯಾವಾಗಲೂ ಜೊತೆಗಿಟ್ಟುಕೊಂಡು ಅದಕ್ಕೆ 'ಕಷಾಯ' ಎನ್ನುತ್ತಿದ್ದರು. ಕಷಾಯ ಇಪ್ಪತ್ತು ವರ್ಷ ನಡೆಯಿತು. ಅಡುಗೆ ಮಾತ್ರ ಒಂದು ದಿನವೂ ಕೆಡಲಿಲ್ಲವಾದ್ದರಿಂದ ಬೀದಿಗೂ ಅದು ಕಷಾಯವಾಗಿಯೇ ಇತ್ತು.

ಮೊದಲು ಬದಲಾದದ್ದು ನಡಿಗೆ. ಕಾಲು ಅಗಲಿಸಿ, ಹರಿಗೋಲಿನೊಳಗೆ ಎದ್ದು ನಿಂತವರ ಹಾಗೆ ನಡೆಯತೊಡಗಿದರು. ಕುಡಿಯದ ಹೊತ್ತಿನಲ್ಲೂ ಹಾಗೆಯೇ. ಆಮೇಲೆ ಕೈ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಹಿಡಿದು ಇಳಿಸುತ್ತಿದ್ದರು. ಬೀದಿಯವರು ಅದನ್ನು ದೊಡ್ಡ ವಿದ್ಯೆ ಎಂದುಕೊಂಡು, ನೆಂಟರು ಬಂದರೆ ಕರೆದು ತೋರಿಸುತ್ತಿದ್ದರು. ಆ ಬೆರಳುಗಳಿಗೆ ಬಿಸಿಯೇ ತಿಳಿಯುತ್ತಿರಲಿಲ್ಲ ಎನ್ನುವುದು ಅತ್ತೆಗೊಬ್ಬರಿಗೆ ಗೊತ್ತಿತ್ತು. ಬೊಬ್ಬೆಗೆ ಬೆಣ್ಣೆ ಹಚ್ಚುತ್ತಿದ್ದವರು ಅವರಲ್ಲವೇ.

ಕೊನೆಗೆ ನೆನಪು. ಬೆಳಗಿನಿಂದ ಜಗಲಿ ಬಿಟ್ಟು ಏಳದ ಮನುಷ್ಯ ಮಧ್ಯಾಹ್ನ ನನ್ನನ್ನು ಕರೆದು, ಈಗ ತಾನೆ ಕವಲಂದೆಯಿಂದ ಬಂದೆ, ಅಲ್ಲಿ ಮುಂಜಿಯ ಮನೆಯಲ್ಲಿ ಗಸಗಸೆ ಪಾಯಸ ಮಾಡಿದೆ, ದ್ರಾಕ್ಷಿ ಸಾಲದೆ ವಟುವಿನ ಅಜ್ಜಿ ಮುನಿಸಿಕೊಂಡರು ಎಂದು ಹೇಳುತ್ತಿದ್ದರು. ಅಜ್ಜಿಯ ಮುನಿಸನ್ನು ಮುಖದಲ್ಲಿ ತೋರಿಸುತ್ತಲೂ ಇದ್ದರು. ನನಗೆ ಹಬ್ಬ. ಸಂಜೆ ಕಪಿಲೆಯ ಮೆಟ್ಟಿಲ ಮೇಲೆ ಗೆಳೆಯರನ್ನು ಕೂರಿಸಿಕೊಂಡು ಮಾವನ ಅಗಲಗಾಲಿನ ನಡಿಗೆ, ಕವಲಂದೆಯ ಪಾಯಸ, ಕಡೆಯಲ್ಲಿ ಉಪ್ಪಿನ ಕೂಗು, ಇಷ್ಟನ್ನೂ ಒಂದೇ ಉಸಿರಿಗೆ ಮಾಡುತ್ತಿದ್ದೆ. ಹತ್ತೊಂಬತ್ತು ವರ್ಷ ನನಗೆ. ನಗುವವರು ಹತ್ತು ಜನ ಸಿಕ್ಕಿದರೆ ನಮ್ಮಪ್ಪನನ್ನೂ ಬಿಡುತ್ತಿರಲಿಲ್ಲ.

ಅತ್ತೆ ಅವರನ್ನು ಮೈಸೂರಿನ ಒಬ್ಬ ಡಾಕ್ಟರ ಬಳಿಗೆ ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಬೆಳಿಗ್ಗೆ ಏನು ತಿಂದಿರಿ ಎಂದು ಡಾಕ್ಟರು ಕೇಳಿದರು. ಮಾವ ಕಡುಬು, ಕಾಯಿಚಟ್ನಿ, ಮೇಲೆ ಎರಡು ರಸಬಾಳೆ ಎಂದು ಚಪ್ಪರಿಸಿಕೊಂಡು ಹೇಳಿದರು. ಅವರು ಕುಡಿದದ್ದು ಗಂಜಿ. ಅತ್ತೆ ತಲೆ ತಗ್ಗಿಸಿದರು. ಡಾಕ್ಟರು ಮಾವನನ್ನು ಹೊರಗೆ ಕೂರಿಸಿ ಬಂದು ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ಅವರು ಸುಳ್ಳು ಹೇಳುತ್ತಿಲ್ಲಮ್ಮ. ಇಷ್ಟು ವರ್ಷದ ಕುಡಿತ ಮಿದುಳನ್ನು ಅಲ್ಲಲ್ಲಿ ತಿಂದು ತೂತು ಮಾಡಿದೆ. ತೂತು ಬಿದ್ದ ಕಡೆಗೆಲ್ಲ ಮನಸ್ಸು ತಾನೇ ತೇಪೆ ಹಾಕುತ್ತೆ. ಅದು ತೇಪೆ ಅಂತ ಅವರಿಗೇ ಗೊತ್ತಾಗೋಲ್ಲ."

ಕುಡಿತ ನಿಲ್ಲಿಸಿದರೆ ಇನ್ನಷ್ಟು ಕೆಡುವುದು ತಪ್ಪಬಹುದು, ಹೋದದ್ದು ಹಿಂದಕ್ಕೆ ಬರುವ ಆಸೆ ಇಟ್ಟುಕೊಳ್ಳಬೇಡಿ ಎಂದರು. ರೈಲಿನಲ್ಲಿ ನಂಜನಗೂಡು ತಲುಪುವಷ್ಟರಲ್ಲಿ ನಾನು ಡಾಕ್ಟರ ದನಿಯನ್ನು ಕಲಿತಿದ್ದೆ. ಮಾತನ್ನು ಕಲಿತಿರಲಿಲ್ಲ.

ಅತ್ತೆ ಅವತ್ತೇ ಗಿಂಡಿಯನ್ನು ಬೆಳಗಿ ದೇವರ ಮನೆಯಲ್ಲಿಟ್ಟರು. ಆ ದಿನಗಳನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದೇನೆ… ಕೈನಡುಕ, ಬೆವರು, ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂಬ ಕಿರಿಚಾಟ. ಹೇಗೋ ದಾಟಿದರು. ಒಂದು ತಿಂಗಳು ತೊಟ್ಟು ಮುಟ್ಟಲಿಲ್ಲ.

ಅಷ್ಟರಲ್ಲಿ ತಿರುಮಕೂಡಲಿನ ಕಡೆಯಿಂದ ಹೇಳಿಕೆ ಬಂತು. ತಿ. ನರಸೀಪುರದಲ್ಲಿ ಒಂದು ಮದುವೆ. ಹೆಣ್ಣಿನ ತಂದೆಗೆ ತಮ್ಮ ಮದುವೆಯಲ್ಲಿ ಅಡುಗೆ ಮಾಡಿದ ಭಟ್ಟರೇ ಮಗಳ ಮದುವೆಗೂ ಆಗಬೇಕು. ನಮ್ಮ ಬೀದಿಯ ಹಿರಿಯರು ಅಷ್ಟರಲ್ಲಾಗಲೇ ಮೈಸೂರಿನಿಂದ ಬೇರೆ ಅಡುಗೆಯವರನ್ನು ಕರೆಸುವ ಮಾತಾಡುತ್ತಿದ್ದರು. ಇದೊಂದನ್ನು ನೋಡೋಣ, ಸರಿಹೋದರೆ ಈ ಸಲದ ಮದುವೆಗಳೆಲ್ಲ ಅವರ ಕೈಗೇ, ಇಲ್ಲದಿದ್ದರೆ ಇಲ್ಲ ಎಂದರು. ಮಾವನಿಗೆ ಉಳಿದದ್ದು ಆ ಒಂದು ಅಡುಗೆ.

ಅತ್ತೆಯ ತಾಯಿ ಹಾಸಿಗೆ ಹಿಡಿದಿದ್ದರಿಂದ ಆಕೆ ಜೊತೆಗೆ ಹೋಗುವಂತಿರಲಿಲ್ಲ. ಕೂತು ಯೋಚಿಸಿ ಒಂದು ಉಪಾಯ ಮಾಡಿದರು. ಹುಳಿಗೆ, ಸಾರಿಗೆ, ಪಲ್ಯಕ್ಕೆ, ಗೊಜ್ಜಿಗೆ, ಚಿತ್ರಾನ್ನಕ್ಕೆ ಎಂದು ಐದು ಪಾಲು ಉಪ್ಪನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ, ಬಾಳೆಯ ನಾರು ಸುತ್ತಿ, ಪುಟ್ಟಿಯಲ್ಲಿಟ್ಟರು. ಒಂದು ಪಾತ್ರೆಗೆ ಒಂದು ಗಂಟು. ಗಂಟು ಬಿಚ್ಚಿದ್ದರೆ ಉಪ್ಪು ಬಿದ್ದಿದೆ, ಬಿಚ್ಚದಿದ್ದರೆ ಬಿದ್ದಿಲ್ಲ. ಬಡಿಸಲು ಹೊರಟಿದ್ದ ನನ್ನನ್ನು ಕರೆದು, "ಉಪ್ಪು ಹಾಕೋ ಹೊತ್ತಿಗೆ ಅವರ ಪಕ್ಕದಲ್ಲಿ ನಿಂತಿರು ಕಣೋ. ಇನ್ನೇನೂ ಮಾಡಬೇಡ, ನಿಂತಿರು ಸಾಕು" ಅಂದರು. ಎದೆ ಮುಟ್ಟಿಕೊಂಡು ಹೂಂ ಅಂದೆ.

ಮದುವೆಯ ಬೆಳಿಗ್ಗೆ ನಿಂತಿದ್ದೆ ಕೂಡ. ಪಲ್ಯದ ಗಂಟು ಬಿಚ್ಚಿದರು, ಕೂಗಿದರು. ಗೊಜ್ಜು ಆಯಿತು, ಸಾರು ಆಯಿತು, ಚಿತ್ರಾನ್ನ ಆಯಿತು. ಮಾವನ ಕೈ ನಡುಗಲಿಲ್ಲ. ಬೆಳಕಿನಲ್ಲಿ ಅವರ ಮುಖ ನನ್ನ ಚಿಕ್ಕಂದಿನ ಮುಖದ ಹಾಗೇ ಇತ್ತು… ಅಂದರೆ ನನ್ನ ಚಿಕ್ಕಂದಿನಲ್ಲಿ ನಾನು ಕಂಡ ಅವರ ಮುಖ. ಹುಳಿಯೊಂದು ಬಾಕಿ, ಬೇಳೆ ಇನ್ನೂ ಕುದಿಯಬೇಕಿತ್ತು.

ಅಡುಗೆ ಚಪ್ಪರಕ್ಕೂ ಗಂಡಿನ ಕಡೆಯವರು ಇಳಿದುಕೊಂಡಿದ್ದ ಮನೆಯ ಹಿತ್ತಿಲಿಗೂ ನಡುವೆ ತೆಂಗಿನ ಗರಿಯ ತಡಿಕೆಯೊಂದೇ. ಅಲ್ಲಿಂದ ವರನ ಗೆಳೆಯರು ಕರೆದರು. ನನ್ನ ಕೀರ್ತಿ ಅಷ್ಟು ದೂರಕ್ಕೂ ಹೋಗಿತ್ತು ನೋಡಿ. ಒಂದೇ ಒಂದು ಮಾಡಿ ತೋರಿಸು ಎಂದರು. ಬೇಳೆ ಕುದಿಯುವಷ್ಟರಲ್ಲಿ ಬಂದರಾಯಿತೆಂದು ಹೋದೆ. ಪುರೋಹಿತರನ್ನು ಮಾಡಿದೆ. ಬೀಗಿತ್ತಿಯನ್ನು ಮಾಡಿದೆ. ಬಿದ್ದು ಬಿದ್ದು ನಕ್ಕರು. ನಿಲ್ಲಿಸಬಹುದಿತ್ತು. ನಗು ಇಳಿಯುತ್ತಿದೆ ಅನ್ನಿಸಿದಾಗ ಕೈಯಲ್ಲಿರುವ ದೊಡ್ಡದನ್ನು ತೆಗೆಯುವುದು ನಮ್ಮಂಥವರ ಚಾಳಿ. ಕಾಲು ಅಗಲಿಸಿದೆ, ತಲೆಯೆತ್ತಿದೆ, ಕೂಗಿದೆ:

"ಹುಳಿಗೆ ಉಪ್ಪು ಬಿತ್ತೋ…"

ತಡಿಕೆಯ ಆಚೆಯಿಂದ ಕಾಯಿ ತುರಿಯುವವರು, ರುಬ್ಬುವವರು, ಅಭ್ಯಾಸ ನೋಡಿ, "ಬಿತ್ತು" ಎಂದರು. ಇತ್ತ ನಗುವೋ ನಗು. ನಾನೂ ನಕ್ಕೆ.

ಆಚೆ ನಡೆದದ್ದನ್ನು ರುಬ್ಬುತ್ತಿದ್ದವನು ಆಮೇಲೆ ಹೇಳಿದ. ಮಾವ ಹುಳಿಯ ಕೊಪ್ಪರಿಗೆಯ ಮುಂದೆ ನಿಂತು ಐದನೆಯ ಗಂಟನ್ನು ಕೈಗೆ ತೆಗೆದುಕೊಂಡಿದ್ದರಂತೆ. ನಾರನ್ನು ಎಳೆಯಬೇಕು, ಅಷ್ಟರಲ್ಲಿ ಕೂಗು ಕೇಳಿತು. ಬೇರೆ ಯಾರೇ ಆಗಿದ್ದರೂ 'ನಾನು ಬಾಯೇ ತೆಗೆದಿಲ್ಲವಲ್ಲ' ಎಂದುಕೊಳ್ಳುತ್ತಿದ್ದರು. ಮಾವ ಒಂದು ಗಳಿಗೆ ನಿಂತು, ಗಂಟನ್ನು ಪುಟ್ಟಿಯಲ್ಲಿ ವಾಪಸು ಇಟ್ಟು, ಕೊಪ್ಪರಿಗೆಗೆ ತಟ್ಟೆ ಮುಚ್ಚಿದರಂತೆ. ತನ್ನ ತಲೆಯನ್ನು ನಂಬುವಂತಿಲ್ಲ ಎಂದು ಒಳಗೆಲ್ಲೋ ತಿಳಿದಿದ್ದ ಮನುಷ್ಯ ತನ್ನ ಕೂಗನ್ನು ನಂಬಿದರು.

ನೈವೇದ್ಯವಾಯಿತು, ಎಲೆ ಹಾಕಿದರು. ವರನ ದೊಡ್ಡಪ್ಪ ಹುಳಿಯನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟು, ಕೈಯನ್ನು ಎಲೆಯ ಮೇಲೆ ಹಾಗೇ ನಿಲ್ಲಿಸಿದರು. "ಇದು ಮದುವೆ ಊಟವೋ, ಹತ್ತನೇ ದಿನದ್ದೋ?" ಎಂದು ಕೇಳಿದರು. ಜೋರಾಗಿ ಕೇಳಲಿಲ್ಲ, ಆದರೂ ಪಂಕ್ತಿಗೆ ಪಂಕ್ತಿಯೇ ಕೈ ತಡೆಯಿತು. ಉಪ್ಪಿಲ್ಲದ ಅನ್ನ ಸೂತಕದ ಮನೆಯದು. ಹೆಣ್ಣಿನ ತಂದೆ ಕೈಮುಗಿದುಕೊಂಡು ನಿಂತರು. ಮಾವನನ್ನು ಕರೆಸಿದರು.

ಮಾವ ಬಂದು ನಿಂತು ಧೈರ್ಯವಾಗಿ ಹೇಳಿದರು. ಉಪ್ಪು ತಾವೇ ಹಾಕಿದ್ದು; ಮಾಂಗಲ್ಯಕ್ಕೆ ಓಲಗ ಜೋರಾದ ಹೊತ್ತು; ನಾರು ಬಿಗಿಯಾಗಿದ್ದರಿಂದ ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಯಿತು; ಪುಟ್ಟಿಯಲ್ಲಿ ಉಳಿದಿರುವ ಗಂಟು ಮನೆಯಾಕೆ ಹೆಚ್ಚಿಗೆ ಕಟ್ಟಿಕೊಟ್ಟದ್ದು. ಅಷ್ಟು ಚೆಂದವಾಗಿ ಹೇಳಿದರು. ತೇಪೆಯ ಹೊಲಿಗೆ ಒಂದೂ ಕಾಣಲಿಲ್ಲ. ಹೇಳುತ್ತ ಹೇಳುತ್ತ ಕಾಲು ಸೋತು ಕಂಬ ಹಿಡಿದುಕೊಂಡರು. ಯಾರೋ, "ಕುಡಿದು ಬಂದಿದ್ದಾನೆ, ನಡಿಗೆ ನೋಡಿ" ಅಂದರು. ಅಲ್ಲಿಗೆ ತೀರ್ಪಾಯಿತು.

ನಾನು ಎಲ್ಲಿದ್ದೆ ಎಂದರೆ, ಕೈಯಲ್ಲಿ ಉಪ್ಪಿನ ಬಟ್ಟಲು ಹಿಡಿದುಕೊಂಡು ಎಲೆಯಿಂದ ಎಲೆಗೆ ಬಗ್ಗಿ ಉಪ್ಪು ಬಡಿಸುತ್ತಿದ್ದೆ. ಊರಿನ ಎಲ್ಲ ದನಿಗಳೂ ಬರುವ ಗಂಟಲಿನಲ್ಲಿ ನನ್ನದೊಂದು ಬರಲಿಲ್ಲ.

ಮೈಸೂರಿನ ಅಡುಗೆಯವರು ಬಂದರು. ಮಾವ ಜಗಲಿಗೆ ಸೇರಿದರು. ಹದಿನೈದು ದಿನ ತಡೆದುಕೊಂಡು ಹದಿನಾರನೆಯ ದಿನ ನಾನು ಹೋಗಿ ಅವರ ಕಾಲು ಹಿಡಿದು ಎಲ್ಲ ಹೇಳಿದೆ. ಅವರು ನನ್ನ ಕೆನ್ನೆಗೆ ಬಾರಿಸಿದರು. ಆಮೇಲೆ ಅತ್ತರು, ಆಮೇಲೆ ತಲೆ ಸವರಿ, ಹೋಗಲಿ ಬಿಡು ಎಂದರು. ಹಗುರವಾಗಿ ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಮಾರನೆಯ ದಿನ ಎದುರಾದರೆ, "ಬಾರೋ, ನರಸೀಪುರದ ಹುಳಿ ಹೇಗಿತ್ತು?" ಎಂದು ನಗುತ್ತ ಕೇಳಿದರು. ಏಟೂ ಹೋಗಿತ್ತು, ಕ್ಷಮೆಯೂ ಹೋಗಿತ್ತು.

ಮತ್ತೆ ಹೇಳಿದೆ. ಒಂದು ದಿನ ಅವರು, ಅದು ನನಗೆ ಆಗಲೇ ಗೊತ್ತಿತ್ತು, ನಿನ್ನ ಮುಖ ನೋಡಿ ಸುಮ್ಮನಾದೆ ಅಂದರು. ಇನ್ನೊಂದು ದಿನ ನರಸೀಪುರಕ್ಕೆ ನಾನು ಹೋಗೇ ಇಲ್ಲವಲ್ಲೋ ಅಂದರು. ಆರೇಳು ಸಲ ತಪ್ಪೊಪ್ಪಿಕೊಂಡೆ, ಆರೇಳು ಬಗೆಯಾಗಿ ಕ್ಷಮೆ ಸಿಕ್ಕಿತು. ಮೊದಮೊದಲು ಇದು ಸುಲಭವಾಗಿದೆಯಲ್ಲ ಅನ್ನಿಸಿತೆಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಕೊನೆಗೆ, ನೆನಪಿಟ್ಟುಕೊಳ್ಳುವವರಿಗೆ ಹೇಳದೆ ಇದು ಮುಗಿಯುವುದಿಲ್ಲ ಎಂದು ಅತ್ತೆಯ ಬಳಿಗೆ ಹೋದೆ.

ಅತ್ತೆ ಅಕ್ಕಿ ಆರಿಸುತ್ತಿದ್ದರು. ಕೇಳಿ ಮುಗಿಯುವ ತನಕ ತಲೆಯೆತ್ತಲಿಲ್ಲ.

"ಗಂಟು ವಾಪಸು ಬಂದಾಗಲೇ ಏನೋ ನಡೆದಿದೆ ಅಂದ್ಕೊಂಡೆ. ಅವರು ಅವತ್ತು ಕುಡಿದಿರಲಿಲ್ಲ ಅನ್ನೋದು ಈ ಬೀದೀಲಿ ನನಗೊಬ್ಬಳಿಗೇ ಗೊತ್ತು ಅಂತಿದ್ದೆ. ನಿನಗೂ ಗೊತ್ತಲ್ಲ. ನನಗ್ಯಾಕೆ ಹೇಳ್ತೀಯ, ಹೋಗಿ ಅವರಿಗೆ ಹೇಳು."

'ಅವರು' ಎಂದರೆ ಹಿರಿಯರು. ಸಂಜೆ ಅವರೆಲ್ಲ ಬೀದಿಯ ಕೊನೆಯ ಮನೆಯ ಜಗಲಿಯಲ್ಲಿ ಸೇರುತ್ತಿದ್ದರು. ಹೋಗಿ ನಿಂತು ಹೇಳಿದೆ. ನಕ್ಕರು. ನಾನು ಬಾಯಿ ತೆರೆದರೆ ನಗಬೇಕೆಂದು ಅವರಿಗೆ ಕಲಿಸಿದ್ದವನು ನಾನೇ. ಒಬ್ಬರಂತೂ, ಪಕ್ಕದ ಮನೆಯವರನ್ನು ಉಳಿಸೋಕೆ ಚೆನ್ನಾಗಿ ಕಟ್ಟಿದ್ದೀಯ, ಎಲ್ಲಿ ಆ ಕೂಗು ಕೂಗು ನೋಡೋಣ ಎಂದರು. ನಂಬಿಸಲು ಬೇರೆ ದಾರಿ ಇರಲಿಲ್ಲ. ಈ ಸಲ ಕಾಲು ಅಗಲಿಸಲಿಲ್ಲ. ನೆಟ್ಟಗೆ ನಿಂತು ಕೂಗಿದೆ.

ಐದು ಮನೆ ಆಚೆ, ತನ್ನ ಜಗಲಿಯ ಮೇಲೆ ಕೂತಿದ್ದ ಮಾವ ಗಕ್ಕನೆ ಎದ್ದರು. ಎದುರಿಗೆ ಖಾಲಿ ಬೀದಿ. ಅದರ ಕಡೆಗೆ ಕೈ ಚಾಚಿ, ಹಳೆಯ ಗತ್ತಿನಲ್ಲಿ, "ಸರಿ, ತಟ್ಟೆ ಮುಚ್ಚು" ಎಂದರು. ಇಲ್ಲದ ಕೊಪ್ಪರಿಗೆಗೆ ತಟ್ಟೆ ಬಿದ್ದಿತೇನೋ, ಮತ್ತೆ ಕೂತರು.

ಜಗಲಿಯ ಮೇಲೆ ನಗು ನಿಂತಿತು. ಅವರಲ್ಲಿ ಎಲ್ಲರಿಗಿಂತ ಹಿರಿಯರಾದವರು ಎದ್ದು ಹೋದರು. ಮುಂದಿನ ವಾರ ತಮ್ಮ ತಾಯಿಯ ತಿಥಿಗೆ ಮಾವನೇ ಅಡುಗೆಗೆ ಬರಬೇಕೆಂದು ಹೇಳಿಕಳಿಸಿದರು. ಪಕ್ಕದಲ್ಲಿ ನಾನು ನಿಂತಿರಬೇಕು, ಬಾಯಿ ಮುಚ್ಚಿಕೊಂಡು.

ನಿಂತೆ. ದೊಡ್ಡ ಮದುವೆಗಳು ಮತ್ತೆ ಅವರ ಕೈಗೆ ಬರಲಿಲ್ಲ, ಬರಲಾಗುತ್ತಲೂ ಇರಲಿಲ್ಲ. ತಿಥಿ, ವ್ರತ, ಹತ್ತು ಹದಿನೈದು ಎಲೆಯ ಅಡುಗೆಗಳು ಬಂದವು. ಎರಡು ವರ್ಷಕ್ಕೂ ಹೆಚ್ಚು ಕಾಲ ಮಾವ ಗಂಟು ಬಿಚ್ಚಿದರು, ಕೂಗಿದರು. ನಾನು "ಬಿತ್ತು" ಎಂದೆ. ಒಂದು ಸಲವೂ ತಪ್ಪಲಿಲ್ಲ. ನಾನು ಯಾರು ಎನ್ನುವುದು ಕೆಲವು ದಿನ ಅವರಿಗೆ ಮರೆಯುತ್ತಿತ್ತು. ಹುಡುಗ ವಾಸಿ, ಬಾಯಿಬಡುಕನಲ್ಲ ಎಂದು ಅತ್ತೆಗೆ ನನ್ನ ಮುಂದೆಯೇ ಹೇಳುತ್ತಿದ್ದರು. ಜನ್ಮದಲ್ಲಿ ನನಗೆ ಆ ಸರ್ಟಿಫಿಕೇಟು ಕೊಟ್ಟವರು ಅವರೊಬ್ಬರೇ.

ಒಂದು ಕಾರ್ತಿಕದಲ್ಲಿ ಜ್ವರ ಬಂದು ಮೂರೇ ದಿನದಲ್ಲಿ ಹೋದರು. ವರ್ಷದ ತಿಥಿಗೆ ನಾನು ಮೈಸೂರಿನಿಂದ ಬಂದಿದ್ದೆ. ಅವರ ಅಣ್ಣನ ಮಗ ಹೊರಗೆ ಕೂತು ಕರ್ಮ ಮಾಡುತ್ತಿದ್ದ. ಅತ್ತೆ ಒಳಗೆ ಮಡಿಯಲ್ಲಿ ಒಬ್ಬರೇ ಅಡುಗೆ ಮಾಡುತ್ತಿದ್ದರು. ಹುಳಿ ಕುದಿಯುವ ಸದ್ದು ಕೇಳಿತು. ತಟ್ಟೆ ಮುಚ್ಚುವ ಸದ್ದು ಮಾತ್ರ ಬರಲಿಲ್ಲ. ಕೊನೆಗೆ ಬಾಗಿಲ ಸಂದಿಗೆ ಬಂದು ನನ್ನನ್ನು ಸನ್ನೆಯಿಂದ ಕರೆದರು. ಉಪ್ಪು ಅಂಗೈಯಲ್ಲಿತ್ತು.

"ಹಾಕೋಕೆ ಕೈ ಬರ್ತಿಲ್ಲ ಕಣೋ. ಒಂದ್ಸಲ ಕೂಗಿಬಿಡು."

ಮೆಲ್ಲಗೆ ಕೂಗಿದೆ. ಅವರ ದನಿಯಲ್ಲಿ, ಅವರ ರಾಗದಲ್ಲಿ, ಆ ಎಳೆಯುವ ಕೊನೆಯ ಓಕಾರದವರೆಗೂ. ಅತ್ತೆ ಕಣ್ಣು ಮುಚ್ಚಿ ಕೇಳಿದರು. "ಬಿತ್ತು" ಎಂದರು. ಆಮೇಲೆ ಒಳಗೆ ಹೋಗಿ ಉಪ್ಪು ಹಾಕಿದರು.

ಅದಾದಮೇಲೆ ಪ್ರತಿ ವರ್ಷ ಅದೊಂದು ದಿನ ಕೂಗುತ್ತಿದ್ದೆ, ಅವರೊಬ್ಬರ ಮುಂದೆ. ಹೋದ ಮಾಘದಲ್ಲಿ ಅತ್ತೆಯೂ ಹೋದರು. ಮೊನ್ನೆ ನಂಜನಗೂಡಿಗೆ ಹೋದದ್ದು ನಮ್ಮ ಮನೆಯ ಯಾವುದೋ ಕೆಲಸಕ್ಕೆ. ಗೋಡೆಯ ಆಚೆ ಈಗ ಬೇರೆ ಯಾರೋ ಇದ್ದಾರೆ.

ರೈಲು ಕಪಿಲೆಯ ಸೇತುವೆ ದಾಟಿದ ಮೇಲೆ ಪೊಟ್ಟಣದ ನಾರು ಎಳೆದೆ. ಗೌಡರು ನಿದ್ದೆ ಹೋಗಿದ್ದರು. ಚಕ್ರದ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ ಎಂದು ಕಿಟಕಿಗೆ ಮುಖ ಕೊಟ್ಟು, ಹಣ್ಣಿಗಾದರೂ ಆಗಲಿ ಎಂದು ಕೂಗಿ ನೋಡಿದೆ. ಮೊದಲ ಸಲ ಶ್ರುತಿ ಕೆಳಗೆ ಹೋಯಿತು. ಇನ್ನೊಮ್ಮೆ ಕೂಗಿದೆ. ಬಂದದ್ದು ನನ್ನದೇ ದನಿಯ ಹಾಗಿತ್ತು… ಅಥವಾ ಸರಿಯಾಗಿಯೇ ಇತ್ತೋ. ಹೌದು, ಅಲ್ಲ ಎಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಸೀಬೆಹಣ್ಣಿಗೆ ಉಪ್ಪು ಹಚ್ಚಿಕೊಂಡು ತಿಂದೆ. ಎಲೆಯನ್ನೂ ನಾರನ್ನೂ ಎಸೆಯಲಿಲ್ಲ.